ಹಿಸ್ ಗರ್ಲ್ ಫ್ರೈಡೇ ಕನ್ನಡ ರಂಗಕ್ಕೆ ತಂದರೆ ಹಿಲ್ಡಿ ಗಂಡಾಗಬೇಕಾ, ಹೆಣ್ಣಾಗಬೇಕಾ?

ತುಮಕೂರು ರಂಗಪ್ರಿಯ:
ನಮ್ಮದು 11 ಜನರ ಹವ್ಯಾಸಿ ತಂಡ. ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬರು ಮೆಡಿಕಲ್ ಸ್ಟೋರ್ ಮಾಲೀಕರು. ವರ್ಷಕ್ಕೊಂದು ನಾಟಕ ಮಾಡುತ್ತೇವೆ. ಹೋದ ವರ್ಷ ಭಾರೀ ಗಂಭೀರವಾದದ್ದು ಮಾಡಿದೆವು, ಇಂಟರ್ವಲ್‌ಗೆ ಅರ್ಧ ಸಭಾಂಗಣ ಖಾಲಿ. ಎದ್ದು ಹೋದವರಲ್ಲಿ ನನ್ನ ಭಾವಮೈದನೂ ಇದ್ದ. ಈ ಸಲ ನಗಿಸಲೇಬೇಕು ಅಂತ ಹಟ.

ಹೋದ ಭಾನುವಾರ 'ಹಿಸ್ ಗರ್ಲ್ ಫ್ರೈಡೇ' ನೋಡಿದೆ. 1940ರದ್ದು, ಹೋವರ್ಡ್ ಹಾಕ್ಸ್ ನಿರ್ದೇಶನ. ನೋಡದವರಿಗೆ ಕಥೆ ಇಷ್ಟು. ವಾಲ್ಟರ್ ಬರ್ನ್ಸ್ (ಕ್ಯಾರಿ ಗ್ರಾಂಟ್) ಪತ್ರಿಕೆಯ ಸಂಪಾದಕ. ಹಿಲ್ಡಿ ಜಾನ್ಸನ್ (ರೊಸಾಲಿಂಡ್ ರಸೆಲ್) ಅವನ ಮಾಜಿ ಹೆಂಡತಿ, ಅವನ ಪತ್ರಿಕೆಯ ಮಾಜಿ ವರದಿಗಾರ್ತಿ. ನಾಳೆ ನನ್ನ ಮದುವೆ, ಈ ಕೆಲಸಕ್ಕೂ ನಿನಗೂ ದೊಡ್ಡ ನಮಸ್ಕಾರ ಅಂತ ಹೇಳೋಕೆ ಆಫೀಸಿಗೆ ಬರುತ್ತಾಳೆ. ಮದುವೆ ಆಗುವವನು ಬ್ರೂಸ್, ಆಲ್ಬನಿಯ ವಿಮೆ ಏಜೆಂಟ್, ಪಾಪದ ಮನುಷ್ಯ. ಮರುದಿನ ಬೆಳಿಗ್ಗೆಯೇ ಅರ್ಲ್ ವಿಲಿಯಮ್ಸ್ ಅನ್ನುವವನಿಗೆ ಗಲ್ಲು. ಅದರ ವರದಿ ಬರೆಸುವ ನೆಪದಲ್ಲಿ ಅವಳನ್ನು ಹಿಡಿದಿಟ್ಟುಕೊಳ್ಳಲು ವಾಲ್ಟರ್ ಮಾಡದ ಕಿತಾಪತಿ ಇಲ್ಲ.

ಆಮೇಲೆ ಗೊತ್ತಾಯಿತು, ಇದರ ಮೂಲ 1928ರ ನಾಟಕ 'ದಿ ಫ್ರಂಟ್ ಪೇಜ್'. ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕಾರ್ಥರ್ ಬರೆದದ್ದು. ಅದರಲ್ಲಿ ಹಿಲ್ಡಿ ಗಂಡಸು! ನಮ್ಮ ನಿರ್ದೇಶಕರು ಮೂಲವನ್ನೇ ಮಾಡೋಣ ಅನ್ನುತ್ತಾರೆ. ನನಗೆ ಸಿನಿಮಾದ ಹಿಲ್ಡಿಯೇ ಬೇಕು. ತಂಡದಲ್ಲಿ ಜಗಳ ಶುರುವಾಗಿದೆ. ನೀವೇನಂತೀರಿ?

ಕಾಫಿ ಬೈಟೂ:
ಸಬ್‌ಟೈಟಲ್ ಓದೋದ್ರಲ್ಲೇ ಸಿನಿಮಾ ಮುಗಿದುಹೋಯಿತು ನನಗೆ. ಕ್ಯಾರಿ ಗ್ರಾಂಟ್ ಮುಖ ಹೇಗಿತ್ತು ಅಂತ ಯಾರಾದರೂ ಹೇಳಿ.

ಹಳೇ ರೀಲು:
ಒಂದು ವಿಷಯ ಸೇರಿಸುತ್ತೇನೆ. ನಾಟಕದಿಂದ ಬಂದ ಮೊದಲ ಸಿನಿಮಾ ಇದಲ್ಲ. 1931ರಲ್ಲೇ ಲೂಯಿಸ್ ಮೈಲ್‌ಸ್ಟೋನ್ 'ದಿ ಫ್ರಂಟ್ ಪೇಜ್' ಅಂತಲೇ ಮಾಡಿದ್ದರು, ಗಂಡು ಹಿಲ್ಡಿ ಇಟ್ಟುಕೊಂಡು. 1974ರಲ್ಲಿ ಬಿಲ್ಲಿ ವೈಲ್ಡರ್ ಮತ್ತೆ ಮಾಡಿದರು, ಜ್ಯಾಕ್ ಲೆಮನ್, ವಾಲ್ಟರ್ ಮ್ಯಾಥೌ ಜೋಡಿ. ಅದರಲ್ಲೂ ಹಿಲ್ಡಿ ಗಂಡೇ. 1988ರಲ್ಲಿ ಪತ್ರಿಕೆ ಬಿಟ್ಟು ಟಿವಿ ನ್ಯೂಸ್ ಚಾನೆಲ್‌ಗೆ ಬದಲಾಯಿಸಿ ಇನ್ನೊಂದು ಬಂತು, ಅಲ್ಲಿ ಮತ್ತೆ ಹೆಣ್ಣು. ನಾಲ್ಕರಲ್ಲಿ ಜನ ಈಗಲೂ ಹುಡುಕಿಕೊಂಡು ನೋಡೋದು ಒಂದನ್ನೇ. ಯಾವುದು ಅಂತ ಹೇಳಬೇಕಾ?

ನಿವೃತ್ತ ವರದಿಗಾರ:
ಜನ ನೋಡುತ್ತಾರೆ ಅಂದ ಮಾತ್ರಕ್ಕೆ ಅದೇ ಸರಿ ಅಂತ ಏನಿಲ್ಲ ಸ್ವಾಮಿ. ನಾಟಕ ಬರೆದ ಇಬ್ಬರೂ ಷಿಕಾಗೋದಲ್ಲಿ ವರದಿಗಾರರಾಗಿ ದುಡಿದವರು. ಪೂರ್ತಿ ನಾಟಕ ಕ್ರಿಮಿನಲ್ ಕೋರ್ಟ್ ಕಟ್ಟಡದ ಪ್ರೆಸ್ ರೂಮ್ ಒಂದರಲ್ಲೇ ನಡೆಯುತ್ತದೆ. ಇಸ್ಪೀಟು, ಸಿಗರೇಟು, ಕೊಳಕು ಟೇಬಲ್ಲು, ಸಾಲು ಫೋನು. ಈ ಕೆಲಸ ಬಿಟ್ಟು ಹೋಗುತ್ತೇನೆ ಅಂತ ಪ್ರತಿ ದಿನ ಹೇಳಿ, ಮರುದಿನ ಅದೇ ಕುರ್ಚಿಯಲ್ಲಿ ಕೂರುವ ಮನುಷ್ಯನ ಕಥೆ ಅದು. ಹಿಲ್ಡಿಯನ್ನು ಹಿಡಿದಿಟ್ಟಿರೋದು ವಾಲ್ಟರ್ ಅಲ್ಲ, ಸುದ್ದಿಯ ಹುಚ್ಚು. ಅದನ್ನು ಗಂಡ-ಹೆಂಡತಿ ಕಥೆ ಮಾಡಿದ ಕೂಡಲೇ ಹುಚ್ಚು ಹೋಗಿ ಪ್ರೀತಿ ಬಂತು. ಪ್ರೀತಿ ಎಲ್ಲಾ ಸಿನಿಮಾದಲ್ಲೂ ಇರುತ್ತೆ.

ಆ ಪ್ರೆಸ್ ರೂಮ್ ನನಗೆ ಗೊತ್ತು. 80ರ ದಶಕದಲ್ಲಿ ಜಿಲ್ಲಾ ಕೇಂದ್ರವೊಂದರಲ್ಲಿ ಇದ್ದೆ. ಕೋರ್ಟ್ ಎದುರಿನ ಹೋಟೆಲಿನಲ್ಲಿ ಒಂದೇ ಫೋನು. ಒಂದು ಕೊಲೆ ಕೇಸಿನ ತೀರ್ಪು ಬಂದ ದಿನ ನಾನು ಓಡಿ ಹೋಗುವಷ್ಟರಲ್ಲಿ ಬೇರೆ ಪತ್ರಿಕೆಯವನು ಟ್ರಂಕ್ ಕಾಲ್ ಹಿಡಿದುಬಿಟ್ಟಿದ್ದ. ಅವನ ಸುದ್ದಿ ಐದು ನಿಮಿಷಕ್ಕೆ ಮುಗಿಯಿತು. ಫೋನ್ ಬಿಟ್ಟರೆ ನನ್ನ ಕೈಗೆ ಬರುತ್ತೆ ಅಂತ, ಗೋಡೆಯ ಮೇಲಿದ್ದ ಬೋರ್ಡ್ ನೋಡಿಕೊಂಡು ಓದಲು ಶುರು ಮಾಡಿದ. ಇಡ್ಲಿ ಸಾಂಬಾರ್, ರವೆ ಇಡ್ಲಿ, ಖಾಲಿ ದೋಸೆ. ಆ ಕಡೆ ಬರೆದುಕೊಳ್ಳುತ್ತಿದ್ದ ಪುಣ್ಯಾತ್ಮ ಎಲ್ಲಿವರೆಗೆ ಬರೆದನೋ ದೇವರಿಗೇ ಗೊತ್ತು.

ಕಾಫಿ ಬೈಟೂ:
ಮರುದಿನ ಮುಖಪುಟ: 'ಆರೋಪಿಗೆ ಜೀವಾವಧಿ, ಖಾಲಿ ದೋಸೆ.'

ಮೇಕಪ್ ಡಬ್ಬಿ:
ವರದಿಗಾರರೇ, ಅನುಭವಕ್ಕೆ ಕೈ ಮುಗಿಯುತ್ತೇನೆ. ಆದರೆ ವಾದ ಒಪ್ಪಲ್ಲ. ಸಿನಿಮಾದಲ್ಲಿ ಸುದ್ದಿಯ ಹುಚ್ಚು ಎಲ್ಲಿ ಕಡಿಮೆಯಾಗಿದೆ? ಗಟ್ಟಿ ಸುದ್ದಿ ಸಿಗುತ್ತೆ ಅಂತ ಜೈಲಿನ ವಾರ್ಡನ್ ಹಿಂದೆ ರಸ್ತೆಯಲ್ಲಿ ಓಡಿ, ಹಾರಿ ಅವನನ್ನು ಕೆಡವುತ್ತಾಳಲ್ಲ, ಅವಳು ಪ್ರೀತಿಗಾಗಿ ಓಡಿದ್ದಾ? ಅವನಿಗೆ ಕೊಟ್ಟ 450 ಡಾಲರ್ ಕೂಡ ಬ್ರೂಸ್‌ದು! ಮದುವೆ ದುಡ್ಡು ಸುದ್ದಿಗೆ ಹೋಯಿತು. ಇದಕ್ಕಿಂತ ಹುಚ್ಚು ಬೇಕಾ?

ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ನಾಟಕ ಮಾಡುತ್ತಿದ್ದೇನೆ. ಹವ್ಯಾಸಿ ತಂಡದಲ್ಲಿ ಹೆಂಗಸರಿಗೆ ಸಿಗುವ ಪಾತ್ರಗಳ ಪಟ್ಟಿ ಕೊಡಲಾ? ಅಳುವ ತಾಯಿ, ಅಳುವ ಹೆಂಡತಿ, ಕಾಫಿ ತರುವ ಸೊಸೆ. ಮೂಲ ನಾಟಕದಲ್ಲೂ ಅಷ್ಟೇ ತಾನೆ: ಹಿಲ್ಡಿಯನ್ನು ಮದುವೆಯಾಗಲು ಕಾಯುತ್ತಾ ಕೂರುವ ಪೆಗ್ಗಿ, ಅವಳ ತಾಯಿ, ಅಳುವ ಮಾಲಿ ಅನ್ನುವ ಹುಡುಗಿ, ಕಸ ಗುಡಿಸುವವಳು. ರಂಗಪ್ರಿಯ ಅವರೇ, ನಿಮ್ಮ ತಂಡದಲ್ಲಿ ಹೆಂಗಸರು ಎಷ್ಟು ಜನ?

ತುಮಕೂರು ರಂಗಪ್ರಿಯ:
ಮೂವರು. ಮೂವರೂ ನನ್ನ ಕಡೆ.

ನಿವೃತ್ತ ವರದಿಗಾರ:
ಹಾಗಾದರೆ ಕೇಳಿದ್ದು ಯಾಕೆ?

ಹಳೇ ರೀಲು:
ಹಿಲ್ಡಿ ಹೆಣ್ಣಾದ ಕಥೆಯೂ ಚೆನ್ನಾಗಿದೆ. ಹಾಕ್ಸ್ ಹೇಳಿಕೊಂಡ ಪ್ರಕಾರ, ಒಂದು ಸಂಜೆ ನಾಟಕದ ಮಾತುಗಳನ್ನು ಓದಿಸುವಾಗ ಹಿಲ್ಡಿಯ ಭಾಗವನ್ನು ಒಬ್ಬ ಹೆಂಗಸಿನ ಕೈಲಿ ಓದಿಸಿದರಂತೆ. ಗಂಡಸು ಓದಿದ್ದಕ್ಕಿಂತ ಚೆನ್ನಾಗಿ ಕೇಳಿಸಿತು, ತಕ್ಷಣ ಹೆಕ್ಟ್‌ಗೆ ಫೋನ್ ಮಾಡಿ ಒಪ್ಪಿಸಿದರಂತೆ. ಹಾಕ್ಸ್ ಕಥೆ ಕಟ್ಟುವುದರಲ್ಲಿ ನಿಸ್ಸೀಮರು, ಪೂರ್ತಿ ನಂಬಬೇಡಿ. ಚಿತ್ರಕಥೆ ಬರೆದದ್ದು ಚಾರ್ಲ್ಸ್ ಲೆಡರರ್. 'ಇವರಿಬ್ಬರು ಮೊದಲು ಗಂಡ-ಹೆಂಡತಿ ಆಗಿದ್ದವರು' ಅನ್ನೋದು ನಾಟಕದಲ್ಲಿ ಇರಲು ಸಾಧ್ಯವೇ ಇಲ್ಲ. ಅದೊಂದು ಸೇರಿದ ಮೇಲೆ ಹಳೇ ಮಾತುಗಳಿಗೆಲ್ಲ ಎರಡೆರಡು ಅರ್ಥ ಬಂತು. ಸಂಪಾದಕ ವರದಿಗಾರನಿಗೆ 'ನೀನಿಲ್ಲದೆ ಪತ್ರಿಕೆ ನಡೆಯಲ್ಲ' ಅಂದರೆ ಅದು ಆಫೀಸಿನ ಮಾತು. ಮಾಜಿ ಗಂಡ ಮಾಜಿ ಹೆಂಡತಿಗೆ ಅಂದರೆ?

ಇನ್ನೊಂದು ತಮಾಷೆ. ಆ ಪಾತ್ರವನ್ನು ಆಗಿನ ದೊಡ್ಡ ನಟಿಯರು ಸಾಲಾಗಿ ಬೇಡ ಅಂದಿದ್ದರು. ರಸೆಲ್‌ಗೆ ಅದು ಗೊತ್ತಿತ್ತು, ಸೆಟ್ಟಿಗೆ ಬಂದಾಗ ಕೋಪದಲ್ಲೇ ಇದ್ದರು. ಗ್ರಾಂಟ್ ಸ್ಥಳದಲ್ಲೇ ಮಾತು ಸೇರಿಸುತ್ತಿದ್ದುದು ನೋಡಿ, ಜಾಹೀರಾತು ಬರೆಯುವ ಒಬ್ಬರನ್ನು ಗುಟ್ಟಾಗಿ ಗೊತ್ತು ಮಾಡಿಕೊಂಡು ತಮ್ಮ ಮಾತುಗಳಿಗೆ ಒಗ್ಗರಣೆ ಹಾಕಿಸಿದರು. ದುಡ್ಡು ಅವರ ಕೈಯಿಂದಲೇ. ಇದನ್ನು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ.

ಧಾರವಾಡದಾಕಿ:
ಅಲ್ರೀ, ಇದನ್ನ ಷಿಕಾಗೋದಾಗ ಇಡೋದು ಯಾಕ? ನಮ್ಮ ಊರಿಗೆ ತಂದ್ರ ಆತಲ್ಲ. ಬೆಂಗಳೂರಿನ ಒಂದು ಕನ್ನಡ ಪತ್ರಿಕೆ, ಎಡಿಟರ್, ವರದಿಗಾರ್ತಿ. ಬ್ರೂಸ್ ದಾವಣಗೆರೆಯ ವಿಮೆ ಏಜೆಂಟ್. ನಾ ಅಂತೂ ಟಿಕೆಟ್ ತಗೊಂಡು ಬರತೇನಿ.

ಕಾಫಿ ಬೈಟೂ:
ಬ್ರೂಸ್ ತಾಯಿ ಬೆಣ್ಣೆ ದೋಸೆ ಡಬ್ಬಿ ಸಮೇತ.

ವಕೀಲರ ಮಗ:
ಬೆಂಗಳೂರಿಗೆ ತಂದರೆ ಕಥೆಯ ಬುಡವೇ ಅಲ್ಲಾಡುತ್ತದೆ. ಯೋಚನೆ ಮಾಡಿ. ಅರ್ಲ್ ವಿಲಿಯಮ್ಸ್‌ನನ್ನು ಗಲ್ಲಿಗೆ ಹಾಕಲು ಅಷ್ಟು ಅವಸರ ಯಾಕೆ? ಅವನು ಕೊಂದದ್ದು ಕರಿಯ ಪೊಲೀಸನನ್ನು. ಚುನಾವಣೆ ಎದುರಿಗಿದೆ. ಗಲ್ಲಾದರೆ ಕರಿಯರ ಓಟು ಬರುತ್ತೆ ಅನ್ನೋದು ಮೇಯರ್ ಮತ್ತು ಶೆರಿಫ್ ಲೆಕ್ಕ. ಅದಕ್ಕೇ ಗವರ್ನರ್ ಕಳಿಸಿದ ಕ್ಷಮಾದಾನದ ಕಾಗದ ತಂದವನಿಗೆ ಲಂಚ ಕೊಟ್ಟು ವಾಪಸ್ ಕಳಿಸಲು ನೋಡುತ್ತಾರೆ. ಅಲ್ಲಿ ಶೆರಿಫ್ ಓಟು ಹಾಕಿಸಿಕೊಂಡು ಗೆಲ್ಲುವವನು. ನಮ್ಮಲ್ಲಿ ಎಸ್‌ಪಿ ಚುನಾವಣೆಗೆ ನಿಲ್ಲುತ್ತಾರಾ? ಕ್ಷಮಾದಾನದ ಅರ್ಜಿ ರಾಷ್ಟ್ರಪತಿವರೆಗೆ ಹೋಗಿ ವರ್ಷಗಟ್ಟಲೆ ಕೂತಿರುತ್ತದೆ. ಒಂದು ರಾತ್ರಿಯಲ್ಲಿ ಓಡಾಡುವ ಕಥೆ ಹತ್ತು ವರ್ಷ ಎಳೆಯುತ್ತದೆ, ಅಷ್ಟರಲ್ಲಿ ಹಿಲ್ಡಿಗೆ ಮೊಮ್ಮಕ್ಕಳು.

ಧಾರವಾಡದಾಕಿ:
ಹೌದು, ಇನ್ನೊಂದು. ಗಲ್ಲು ಕಂಬ ಇರೋದು ಬೆಳಗಾವಿ ಹತ್ರ ಹಿಂಡಲಗಾ ಜೈಲಿನಾಗ. ಬೆಂಗಳೂರಿನ ಪ್ರೆಸ್ ರೂಮಿನ ಕಿಟಕಿಯಿಂದ ಕಾಣಂಗಿಲ್ಲ. ಸೋತೆ ನಾ. ಷಿಕಾಗೋನೇ ಇರ್ಲಿ.

ನ್ಯೂಜೆರ್ಸಿ ಕನ್ನಡಿಗ:
ಆಲ್ಬನಿ ಬಗ್ಗೆ ಒಂದು ಮಾತು. ನ್ಯೂಯಾರ್ಕ್ ರಾಜ್ಯದ ರಾಜಧಾನಿ ಅದು, ನ್ಯೂಯಾರ್ಕ್ ನಗರವಲ್ಲ. ಇಲ್ಲಿಂದ ನಯಾಗರಾಕ್ಕೆ ಕಾರಿನಲ್ಲಿ ಹೋಗುವಾಗ ನಮ್ಮ ಮನೆಯವರು 'ಆಲ್ಬನಿಯಲ್ಲಿ ನೋಡೋಕೆ ಏನಿದೆ' ಅಂತ ಕೇಳಿದಾಗ ನಾನು ಈ ಸಿನಿಮಾ ಕಥೆ ಹೇಳಿದೆ. ಆ ಊರಿನ ಹೆಸರು ಬಂದಾಗಲೆಲ್ಲ ವಾಲ್ಟರ್ ಮುಖದಲ್ಲಿ ಒಂದು ಕನಿಕರ ಬರುತ್ತಲ್ಲ, ಅದೇ ಜೋಕು. ಕೊನೆಗೆ ವಾಲ್ಟರ್-ಹಿಲ್ಡಿ ಹನಿಮೂನ್‌ಗೆ ನಯಾಗರಾ ಅಂದುಕೊಂಡು ಹೊರಡುವಾಗ ಫೋನ್ ಬರುತ್ತದೆ: ಆಲ್ಬನಿಯಲ್ಲಿ ಮುಷ್ಕರ. ಹನಿಮೂನ್ ಅಲ್ಲೇ! ಬ್ರೂಸ್ ಮನೆಯಲ್ಲಿ ಉಳಿಯಬಹುದಾ ಅಂತ ಬೇರೆ ಕೇಳುತ್ತಾನೆ ಮಹಾನುಭಾವ.

ಮೇಕಪ್ ಡಬ್ಬಿ:
ಸೂಟ್‌ಕೇಸ್ ಹಿಡ್ಕೊಂಡು ಅವಳು ಹಿಂದೆ, ಕೈ ಬೀಸಿಕೊಂಡು ಅವನು ಮುಂದೆ. ನನಗೆ ಬೇಜಾರಾಗುವುದು ಅಲ್ಲಿ ಮಾತ್ರ. ಮೊದಲ ದೃಶ್ಯ ನೆನಪಿಸಿಕೊಳ್ಳಿ. ಆಫೀಸಿನ ಗೇಟಿನ ಹತ್ತಿರ ಬ್ರೂಸ್‌ನನ್ನು ನಿಲ್ಲಿಸಿ ಅವಳೊಬ್ಬಳೇ ಒಳಗೆ ನಡೆಯುತ್ತಾಳೆ. ಪಟ್ಟೆ ಪಟ್ಟೆ ಕೋಟು, ತಲೆ ಮೇಲೆ ಹ್ಯಾಟು. ಟೆಲಿಫೋನ್ ಹುಡುಗಿಯರಿಂದ ಹಿಡಿದು ಎಲ್ಲರೂ ಮಾತಾಡಿಸುತ್ತಾರೆ, ಯಾರಿಗೂ ನಿಲ್ಲದೆ ಉತ್ತರ ಕೊಡುತ್ತಾ ಹೋಗುತ್ತಾಳೆ. ತವರು ಮನೆಗೆ ಬಂದ ಮಗಳ ನಡಿಗೆ ಅದು. ಗೇಟಿನ ಹೊರಗೆ ನಿಂತ ಬ್ರೂಸ್‌ನ ಗತಿ ಏನು ಅಂತ ಆಗಲೇ ಗೊತ್ತಾಗಿಬಿಡುತ್ತೆ.

ನಿವೃತ್ತ ವರದಿಗಾರ:
ಅದು ನಾಟಕದಲ್ಲಿ ಇಲ್ಲ, ಒಪ್ಪುತ್ತೇನೆ, ಚೆನ್ನಾಗಿದೆ. ಆದರೆ ಕೊನೆಯಲ್ಲಿ ಅಳಿಸಿದರಲ್ಲ ಅವಳನ್ನು? ನಾಟಕದ ಕೊನೆ ಎಷ್ಟು ಚುರುಕು ನೋಡಿ. ವಾಲ್ಟರ್ ತುಂಬಾ ದೊಡ್ಡ ಮನಸ್ಸು ಮಾಡಿದವನ ಹಾಗೆ ತನ್ನ ಗಡಿಯಾರವನ್ನು ಹಿಲ್ಡಿಗೆ ಉಡುಗೊರೆ ಕೊಟ್ಟು, ಹೋಗಿ ಬಾರಪ್ಪ ಅಂತ ಕಳಿಸುತ್ತಾನೆ. ಅವನು ಬಾಗಿಲು ದಾಟಿದ ಮೇಲೆ ಫೋನ್ ಎತ್ತಿ, ರೈಲು ನಿಲ್ಲುವ ಮುಂದಿನ ಊರಿನ ಪೊಲೀಸರಿಗೆ ಹೇಳಿಸುತ್ತಾನೆ: ಆ ನನ್ಮಗ ನನ್ನ ಗಡಿಯಾರ ಕದ್ದಿದ್ದಾನೆ, ಹಿಡೀರಿ. ಪರದೆ! ಇದಕ್ಕಿಂತ ಒಳ್ಳೆ ಪರದೆ ಯಾವ ನಾಟಕಕ್ಕೆ ಬಿದ್ದಿದೆ?

ಹಳೇ ರೀಲು:
1931ರ ಸಿನಿಮಾದಲ್ಲಿ ಆ ಬೈಗುಳ ಬರುವ ಜಾಗಕ್ಕೆ ಟೈಪ್‌ರೈಟರ್ ಸದ್ದು ಸೇರಿಸಿ ಮುಚ್ಚಿದರು. ಗಡಿಯಾರವನ್ನು ಹಾಕ್ಸ್ ಬಿಸಾಡಿಲ್ಲ, ಮಧ್ಯಕ್ಕೆ ತಂದು ಬ್ರೂಸ್ ತಲೆಗೆ ಕಟ್ಟಿದ್ದಾರೆ. ಬ್ರೂಸ್ ಮೊದಲನೇ ಸಲ ಜೈಲಿಗೆ ಹೋಗೋದು ಗಡಿಯಾರ ಕದ್ದ ಆರೋಪದಲ್ಲಿ. ಎರಡನೇ ಸಲ ಹೆಂಗಸನ್ನು ಚುಡಾಯಿಸಿದ ಅಂತ. ಮೂರನೇ ಸಲ ಖೋಟಾ ನೋಟು.

ಅಳುವುದರ ಬಗ್ಗೆ ಹೇಳಿದರೆ, ಅಲ್ಲೇ ಇಡೀ ಸಿನಿಮಾದ ಚಮತ್ಕಾರ. ವಾಲ್ಟರ್ ಒಳ್ಳೆಯವನಾಗಿ 'ಹೋಗು, ಬ್ರೂಸ್ ಹತ್ತಿರ ಹೋಗು' ಅಂದಾಗ ಹಿಲ್ಡಿಗೆ ಗಾಬರಿ. ಇವನು ಬದಲಾದ, ಇವನಿಗೆ ಇನ್ನು ನಾನು ಬೇಡ ಅಂತ. ಅಷ್ಟರಲ್ಲಿ ಬ್ರೂಸ್ ಫೋನ್: ಖೋಟಾ ನೋಟಿಗೆ ಒಳಗೆ ಹಾಕಿದ್ದಾರೆ. ಅಂದರೆ ವಾಲ್ಟರ್ ಬದಲಾಗಿಲ್ಲ, ಮೋಸ ಮಾಡುತ್ತಲೇ ಇದ್ದಾನೆ! ಆಗ ಅಳು ಬರುತ್ತೆ, ಖುಷಿಗೆ. ಇದು ಹೆಣ್ಣು ಅನ್ನುವ ಕಾರಣಕ್ಕೆ ಸುಮ್ನೆ ಅಳಿಸಿದ್ದಲ್ಲ.

ಮೇಕಪ್ ಡಬ್ಬಿ:
ಹೌದು. ಅದನ್ನು ಆಡಿ ತೋರಿಸೋದು ಕಷ್ಟ ಮಾತ್ರ. ಜನ 'ಪಾಪ, ಅತ್ತಳು' ಅಂದುಕೊಂಡರೆ ನಾಟಕ ಹೋಯಿತು. ನಗು ಮೊದಲು ಬಂದು ಅದರ ಹಿಂದೆ ಅಳು ಬರಬೇಕು.

ಸೈಡ್‌ವಿಂಗ್ ಪ್ರಾಂಪ್ಟರ್:
ಗಂಡೋ ಹೆಣ್ಣೋ ಅದು ಆಮೇಲೆ. ನಿಮ್ಮ ನಿಜವಾದ ತಲೆನೋವು ವೇಗ. ಈ ಸಿನಿಮಾದಲ್ಲಿ ನಿಮಿಷಕ್ಕೆ 240 ಪದ ಅಂತ ಎಲ್ಲ ಕಡೆ ಬರೆಯುತ್ತಾರೆ. ಆ ಲೆಕ್ಕ ಕನ್ನಡಕ್ಕೆ ಬರಲ್ಲ. ಇಂಗ್ಲಿಷ್‌ನವರು ನಾಲ್ಕು ಪದ ಒಡೆದು ಹೇಳುವುದನ್ನು ನಾವು 'ಬರಬೇಕಾಗಿತ್ತಂತೆ' ಅಂತ ಒಂದೇ ಪದದಲ್ಲಿ ಹೇಳುತ್ತೇವೆ. 240 ಹೇಳಿಸಿದರೆ ನಿಮ್ಮ ನಟರಿಗೆ ಆಂಬುಲೆನ್ಸ್ ಬೇಕು.

ವೇಗಕ್ಕಿಂತ ದೊಡ್ಡದು ಮಾತಿನ ಮೇಲೆ ಮಾತು ಬೀಳುವುದು. ಹಾಕ್ಸ್ ಮಾಡಿದ ಉಪಾಯ ಸರಳ. ಸಾಲಿನ ಆರಂಭಕ್ಕೂ ಕೊನೆಗೂ ಬೇಡದ ಒಂದೆರಡು ಪದ ಹಾಕಿಸಿದರು. ಒಬ್ಬನ ಬಾಲದ ಮೇಲೆ ಇನ್ನೊಬ್ಬನ ತಲೆ ಬಂದು ಬಿದ್ದರೂ ನಡುವಿನ ಸಾರ ಕೇಳಿಸುತ್ತದೆ. ಇಂಗ್ಲಿಷ್‌ನಲ್ಲಿ ಇದು ನಡೆಯುತ್ತದೆ. ಕನ್ನಡದಲ್ಲಿ ಬಾಲದಲ್ಲೇ ಪ್ರಾಣ! ನೋಡಿ:

'ನಾನು ಈ ಜನ್ಮದಲ್ಲಿ ನಿನ್ನ ಪತ್ರಿಕೆಗೆ ಇನ್ನೊಂದು ಸಾಲು ಬರೆಯಲ್ಲ.'

'ಸಾಲು' ಅನ್ನುವಷ್ಟರಲ್ಲಿ ವಾಲ್ಟರ್ ಬಾಯಿ ಹಾಕಿದ ಅಂತಿಟ್ಟುಕೊಳ್ಳಿ. ಬರೆಯುತ್ತಾಳೋ ಬರೆಯಲ್ಲವೋ ಹಿಂದಿನ ಸಾಲಿನ ಅಜ್ಜನಿಗೆ ಗೊತ್ತಾಗುವುದೇ ಇಲ್ಲ.

ಧಾರವಾಡದಾಕಿ:
ಅಯ್ಯ, ಇದು ಖರೇನೇ ಹೊಸಾ ಮಾತು. ಹಂಗಾದ್ರ ಏನ್ ಮಾಡೋದು?

ಸೈಡ್‌ವಿಂಗ್ ಪ್ರಾಂಪ್ಟರ್:
ಜಗಳ ಆಡುವವರನ್ನು ಕೇಳಿಸಿಕೊಳ್ಳಿ. ಜಗಳದಲ್ಲಿ ನಾವು ವ್ಯಾಕರಣದ ಕನ್ನಡ ಆಡುವುದಿಲ್ಲ. 'ನಾನು ನಿನಗೆ ದುಡ್ಡು ಕೊಡುವುದಿಲ್ಲ' ಅಂತ ಯಾರು ಬೈಯುತ್ತಾರೆ? 'ಕೊಡಲ್ಲ ಹೋಗೋ ನಿಂಗೆ ದುಡ್ಡು' ಅನ್ನುತ್ತೇವೆ. ಕ್ರಿಯಾಪದ ಮುಂದಕ್ಕೆ ಹಾರುತ್ತದೆ. ಹಾಗೇ ಬರೆಯಿರಿ: 'ಬರೆಯಲ್ಲ ಅಂದ್ನಲ್ಲ ವಾಲ್ಟರ್, ಇನ್ನೊಂದು ಸಾಲೂ, ಈ ಜನ್ಮದಲ್ಲಿ.' ಈಗ 'ವಾಲ್ಟರ್' ಆದ ಮೇಲೆ ಅವನು ಎಲ್ಲಿ ಬೇಕಾದರೂ ನುಗ್ಗಲಿ, ನಷ್ಟವಿಲ್ಲ. ಕೊನೆಗೆ 'ಅಲ್ವಾ', 'ಗೊತ್ತಾಯ್ತಾ', 'ಮಾರಾಯ' ಇವನ್ನೆಲ್ಲ ಧಾರಾಳವಾಗಿ ಸುರಿಯಿರಿ. ಮೇಲೆ ಬೀಳುವ ಮಾತಿಗೆ ಅವೇ ಹಾಸಿಗೆ.

ಮೊದಲ ಓದಿನಲ್ಲಿ ನಿಧಾನವಾಗಿ ಓದಿಸಿ. ಯಾರ ಯಾವ ಪದದ ಮೇಲೆ ಯಾರು ಬೀಳಬೇಕು ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. 'ಜೋರಾಗಿ ಮಾತಾಡಿ, ಬೇಗ ಮಾತಾಡಿ' ಅಂತ ಮಾತ್ರ ಹೇಳಬೇಡಿ. ಸಂತೆ ಆಗುತ್ತೆ.

ತುಮಕೂರು ರಂಗಪ್ರಿಯ:
ಇದಕ್ಕೆ ದಕ್ಷಿಣೆ ಕೊಡಬೇಕು ನಿಮಗೆ. ಪ್ರಿಂಟ್ ತೆಗೆದುಕೊಂಡೆ.

ಮೇಕಪ್ ಡಬ್ಬಿ:
ನೀನು-ನೀವು ವಿಷಯ ಯೋಚಿಸಿದ್ದೀರಾ? ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ. ಕನ್ನಡದಲ್ಲಿ ಹಿಲ್ಡಿ ಬಾಗಿಲಲ್ಲಿ ವಾಲ್ಟರ್‌ಗೆ ಏನಂತಾಳೆ? ನನ್ನ ಪ್ರಕಾರ ಬೇಕೆಂತಲೇ 'ನೀವು' ಅಂತಾಳೆ. ಬಿಟ್ಟುಬಂದ ಗಂಡನಿಗೆ ಕೊಡುವ ಮರ್ಯಾದೆ ಇದೆಯಲ್ಲ, ಅದರಷ್ಟು ತಣ್ಣಗಿನ ಬೈಗುಳ ಇನ್ನೊಂದಿಲ್ಲ. ಆಮೇಲೆ ಅರ್ಲ್ ತಪ್ಪಿಸಿಕೊಂಡ ಸೈರನ್ ಕೂಗಿದಾಗ, ಫೋನ್ ಎತ್ತಿಕೊಂಡು 'ವಾಲ್ಟರ್, ನೀನು ಸುಮ್ನಿರು, ಕೇಳು ಇಲ್ಲಿ!' ಅನ್ನುವಾಗ ತನಗೇ ಗೊತ್ತಿಲ್ಲದೆ 'ನೀನು' ಬರಲಿ. ಅಲ್ಲಿಗೆ ಬ್ರೂಸ್ ಕಥೆ ಮುಗಿಯಿತು. ಬ್ರೂಸ್‌ಗೆ ಮಾತ್ರ ಕೊನೆವರೆಗೂ 'ನೀವು' ಅನ್ನುತ್ತಾಳೆ.

ನಿವೃತ್ತ ವರದಿಗಾರ:
ಇದು ಗಂಡು ಹಿಲ್ಡಿಗೆ ಆಗಲ್ಲ. ಅಲ್ಲಿ ಶುರುವಿನಿಂದಲೇ 'ಲೋ'. ಒಂದು ಅಂಕ ನಿಮಗೆ.

ಕಾಫಿ ಬೈಟೂ:
ವರದಿಗಾರರು ಪಕ್ಷಾಂತರ! ಸ್ಟಾಪ್ ಪ್ರೆಸ್!

ನ್ಯೂಜೆರ್ಸಿ ಕನ್ನಡಿಗ:
ವಿಷಯಾಂತರಕ್ಕೆ ಕ್ಷಮಿಸಿ. ಬ್ರೂಸ್ ಹೇಗಿದ್ದಾನೆ ಅಂತ ವಾಲ್ಟರ್ ವರ್ಣಿಸುವಾಗ 'ಸಿನಿಮಾದಲ್ಲಿ ಬರುತ್ತಾನಲ್ಲ ರಾಲ್ಫ್ ಬೆಲ್ಲಮಿ, ಅವನ ಹಾಗೆ' ಅನ್ನುತ್ತಾನೆ. ಬ್ರೂಸ್ ಪಾತ್ರ ಮಾಡಿರೋದೇ ರಾಲ್ಫ್ ಬೆಲ್ಲಮಿ! ಇನ್ನೊಂದು ಕಡೆ ಆರ್ಚಿ ಲೀಚ್ ಅಂತ ಒಬ್ಬನ ಹೆಸರು ಹೇಳುತ್ತಾನೆ. ಅದು ಕ್ಯಾರಿ ಗ್ರಾಂಟ್‌ನ ಹುಟ್ಟು ಹೆಸರು.

ಹಳೇ ರೀಲು:
'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್'ನಲ್ಲಿ ಒಂದು ಸಮಾಧಿ ಕಲ್ಲಿನ ಮೇಲೂ ಆರ್ಚಿ ಲೀಚ್ ಅಂತ ಇದೆ. ಅದೂ ನಾಟಕದಿಂದ ಬಂದ ಸಿನಿಮಾನೇ. ಪಾಪ ಬೆಲ್ಲಮಿ, 1937ರ 'ದಿ ಆಫುಲ್ ಟ್ರೂತ್'ನಲ್ಲೂ ಗ್ರಾಂಟ್ ಎದುರು ಹುಡುಗಿ ಕಳೆದುಕೊಳ್ಳುವ ಪಾತ್ರವೇ. ಅದಕ್ಕೆ ಆಸ್ಕರ್ ನಾಮಿನೇಷನ್ ಸಿಕ್ಕಿತು ಅನ್ನಿ.

ಸೈಡ್‌ವಿಂಗ್ ಪ್ರಾಂಪ್ಟರ್:
ನಡುವೆ ಇಂಥದ್ದು ಸೇರಿಸೋದು ನಮಗೇನು ಹೊಸದಾ? ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಅಂದಿನ ಪೇಪರ್ ಸುದ್ದಿಯನ್ನು ಅಂದೇ ರಾತ್ರಿ ರಂಗದ ಮೇಲೆ ತರುತ್ತಿದ್ದರು. ಆದರೆ ಹವ್ಯಾಸಿಗಳಿಗೆ ನನ್ನ ಕೈ ಮುಗಿದ ಕೋರಿಕೆ: ನೀವು ಮಾಡಬೇಡಿ. ಒಬ್ಬ ಒಂದು ಮಾತು ಸೇರಿಸಿದರೆ ಇಂಥ ನಾಟಕದಲ್ಲಿ ಮುಂದಿನ ಮೂರು ಜನ ಸಾಲು ತಪ್ಪುತ್ತಾರೆ. ವಿಂಗ್‌ನಲ್ಲಿ ನಿಂತವನಿಗೆ ಹಾರ್ಟ್ ಅಟ್ಯಾಕ್.

ಫೋನ್ ಬೆಲ್ ಬಗ್ಗೆಯೂ ಎಚ್ಚರ. ನಮ್ಮ ಒಂದು ಪ್ರದರ್ಶನದಲ್ಲಿ ನಾಯಕ ರಿಸೀವರ್ ಎತ್ತಿ 'ಹಲೋ' ಅಂದ ಮೇಲೆ ಬೆಲ್ ಹೊಡೆಯಿತು. ಅವನು ಬೆಚ್ಚಿ ಬಿದ್ದು ಕೆಳಗಿಟ್ಟ. ಬೆಲ್ ನಿಂತಿತು. ಮತ್ತೆ ಎತ್ತಿದ, ಮತ್ತೆ ಹೊಡೆಯಿತು. ಆ ರಾತ್ರಿ ಬಂದ ಅತಿ ದೊಡ್ಡ ನಗು ಅದೇ, ಅದು ದುರಂತ ನಾಟಕವಾಗಿತ್ತು. ನಿಮ್ಮದರಲ್ಲಿ ಫೋನೇ ಅರ್ಧ ಪಾತ್ರ. ಬೆಲ್ ಒತ್ತಲು ಒಬ್ಬರನ್ನೇ ಇಡಿ, ಅವರಿಗೆ ಬೇರೆ ಕೆಲಸ ಕೊಡಬೇಡಿ.

ಧಾರವಾಡದಾಕಿ:
ಒಂದು ಮಾತು ಯಾರೂ ಎತ್ತಲಿಲ್ಲ. ಮಾಲಿ ಮಲೋಯ್. ಅರ್ಲ್‌ಗೆ ಕರುಣೆ ತೋರಿಸಿದ ಬಡ ಹುಡುಗಿ. ವರದಿಗಾರರು ಅವಳ ಬಗ್ಗೆ ಇಲ್ಲದ್ದೆಲ್ಲ ಬರದು, ಎದುರಿಗೇ ಹಾಸ್ಯ ಮಾಡತಾರ. ಆಕಿ ಕಿಟಕಿಯಿಂದ ಹಾರಿಬಿಡತಾಳ. ನಾ ನೋಡುವಾಗ ನಗು ಅಲ್ಲೇ ನಿಂತು ಹೋತು. ಇದು ಕಾಮಿಡಿ ಹೆಂಗ?

ನಿವೃತ್ತ ವರದಿಗಾರ:
ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಆ ದೃಶ್ಯ ತೆಗೆದರೆ ನಾಟಕ ಸತ್ತಂತೆ. ಆ ರೂಮಿನಲ್ಲಿರುವವರು ಕೆಟ್ಟವರಲ್ಲ, ಕಲ್ಲಾದವರು. ಗಲ್ಲನ್ನು ಬೆಳಿಗ್ಗೆ ಏಳಕ್ಕೆ ಇಟ್ಟರೆ ನಮ್ಮ ಎಡಿಷನ್‌ಗೆ ಆಗಲ್ಲ, ಐದಕ್ಕೆ ಮುಗಿಸಿ ಅಂತ ಶೆರಿಫ್‌ಗೆ ಕೇಳುವ ಜನ. ಅವಳು ಹಾರಿದಾಗ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಎಲ್ಲರೂ ಸುದ್ದಿಗೆ ಓಡುತ್ತಾರೆ. ಆ ಒಂದು ಕ್ಷಣ ನನಗೂ ಗೊತ್ತು. ಅಪಘಾತದ ಜಾಗಕ್ಕೆ ಹೋದಾಗ ನಾನು ಮೊದಲು ಕೇಳುತ್ತಿದ್ದುದು 'ಎಷ್ಟು ಜನ' ಅಂತ. 'ಯಾರು' ಅಂತಲ್ಲ. ನಮ್ಮವಳು ಒಂದು ದಿನ ಅದನ್ನು ಕೇಳಿಸಿಕೊಂಡು ಎರಡು ದಿನ ಮಾತು ಬಿಟ್ಟಿದ್ದಳು.

ಹಳೇ ರೀಲು:
ವಾಲ್ಟರ್ ಮುಖಪುಟ ಖಾಲಿ ಮಾಡಿಸುವ ಫೋನ್ ಮಾತೂ ಅದೇ ಜಾತಿ. ಚೀನಾದ ಭೂಕಂಪ ಬೇಡ. ಹಿಟ್ಲರ್‌ನನ್ನು ತಮಾಷೆ ಪುಟಕ್ಕೆ ಹಾಕು. ಆದರೆ ಹುಂಜದ ಸುದ್ದಿ ಮಾತ್ರ ಇರಲಿ, ಅದರಲ್ಲಿ ಮಾನವೀಯತೆ ಇದೆ ಅನ್ನುತ್ತಾನೆ! ತೆರೆಗೆ ಬಂದದ್ದು 1940ರ ಜನವರಿ, ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು.

ವಕೀಲರ ಮಗ:
ಎಲ್ಲ ಸರಿ, ಹಕ್ಕು ಕೇಳಿದ್ದೀರಾ? ನಾಟಕ 1928ರದ್ದು, ಅಮೆರಿಕದಲ್ಲಿ 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಭಾರತದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ, ಇಬ್ಬರಿದ್ದರೆ ಕೊನೆಗೆ ತೀರಿಕೊಂಡವರಿಂದ ಎಣಿಕೆ. ಮ್ಯಾಕಾರ್ಥರ್ 1956, ಹೆಕ್ಟ್ 1964. ಆ ಲೆಕ್ಕದಲ್ಲೂ 2024ರ ಕೊನೆಗೆ ಮುಗಿಯಿತು. ಮೂಲ ನಾಟಕಕ್ಕೆ ನೀವು ಆರಾಮ.

ಹೆಣ್ಣು ಹಿಲ್ಡಿ ಸ್ವಲ್ಪ ಕಗ್ಗಂಟು. ಅಮೆರಿಕದಲ್ಲಿ ಸಿನಿಮಾದ ಹಕ್ಕನ್ನು 28 ವರ್ಷಕ್ಕೆ ನವೀಕರಿಸಲಿಲ್ಲ, ಅದಕ್ಕೇ ಎಲ್ಲೆಂದರಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಲೆಡರರ್ ತೀರಿಕೊಂಡದ್ದು 1976ರಲ್ಲಿ. ಸಿನಿಮಾದ ಮಾತನ್ನು ಸಾಲು ಸಾಲಾಗಿ ಅನುವಾದಿಸುವ ಮುಂಚೆ ಗೊತ್ತಿರುವ ವಕೀಲರನ್ನು ಕೇಳಿ. ಇನ್ನೊಂದು, 2003ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ಗೆ ಜಾನ್ ಗ್ವೇರ್ ಸಿನಿಮಾ, ನಾಟಕ ಎರಡನ್ನೂ ಸೇರಿಸಿ ರಂಗರೂಪ ಮಾಡಿದ್ದಾರೆ. ಅದನ್ನು ಅನುಮತಿ ಇಲ್ಲದೆ ಮುಟ್ಟಲೇಬೇಡಿ. ಸುಲಭದ ದಾರಿ: ಮೂಲ ನಾಟಕ ಎದುರಿಗಿಟ್ಟುಕೊಂಡು, ಹಿಲ್ಡಿಯನ್ನು ನೀವೇ ನಿಮ್ಮ ಮಾತಿನಲ್ಲಿ ಹೆಣ್ಣು ಮಾಡಿ.

ಕಾಫಿ ಬೈಟೂ:
ಹೆಸರು ಏನಿಡುತ್ತೀರಿ? 'ಅವನ ಶುಕ್ರವಾರದ ಹುಡುಗಿ' ಅಂದರೆ ಸಂತೋಷಿ ಮಾತಾ ವ್ರತ ಅಂದುಕೊಂಡು ಬರುತ್ತಾರೆ.

ಮೇಕಪ್ ಡಬ್ಬಿ:
ಆ ಹೆಸರೇ ತಪ್ಪು ಬಿಡಿ. ರಾಬಿನ್ಸನ್ ಕ್ರೂಸೋನ ಆಳು ಫ್ರೈಡೇ, ಅದರಿಂದ ಬಂದದ್ದು. ಎಲ್ಲ ಕೆಲಸಕ್ಕೂ ಒದಗುವ ಸಹಾಯಕಿ ಅಂತ ಅರ್ಥ. ಹಿಲ್ಡಿ ಯಾರ ಸಹಾಯಕಿ? 'ಇದೊಂದು ಸುದ್ದಿ ಮುಗಿಸಿ ಬರ್ತೀನಿ' ಅಂತಿಡಿ. ಬ್ರೂಸ್‌ಗೆ ಅವಳು ಹೇಳೋದೇ ಅದು ತಾನೆ.

ತುಮಕೂರು ರಂಗಪ್ರಿಯ:
ನಿನ್ನೆ ಮೊದಲ ಓದು ಆಯಿತು. ಹಿಲ್ಡಿಯನ್ನು ನಮ್ಮ ಬ್ಯಾಂಕಿನ ಕ್ಯಾಷಿಯರ್ ಮೇಡಂ ಓದಿದರು. ಪ್ರಾಂಪ್ಟರ್ ಹೇಳಿದ ಹಾಗೆ ಕ್ರಿಯಾಪದ ಮುಂದೆ ತಂದು ಮೊದಲ ಹತ್ತು ಪುಟ ಬರೆದಿದ್ದೆ. ಮೂರನೇ ಪುಟದಲ್ಲಿ ಮೇಡಂ ವಾಲ್ಟರ್ ಮಾತಿನ ಮೇಲೆ ಎಂಥಾ ಹೊತ್ತಿಗೆ ಬಿದ್ದರು ಅಂದರೆ, ನಿರ್ದೇಶಕರು ಪುಸ್ತಕ ಕೆಳಗಿಟ್ಟು ನಕ್ಕರು. ಕೌಂಟರ್‌ನಲ್ಲಿ 20 ವರ್ಷದ ಅಭ್ಯಾಸವಂತೆ. ಗಂಡು ಹಿಲ್ಡಿ ಮಾತು ಆಮೇಲೆ ಯಾರೂ ಎತ್ತಲಿಲ್ಲ. 'ನೀವು-ನೀನು' ಉಪಾಯವೂ ಸೇರಿತು.

ಈಗ ಹೊಸ ಸಮಸ್ಯೆ. ಅರ್ಲ್ ವಿಲಿಯಮ್ಸ್ ಅಡಗಿಕೊಳ್ಳುವ ಆ ಮಡಚುವ ಮುಚ್ಚಳದ ಮೇಜು, ರೋಲ್‌ಟಾಪ್ ಡೆಸ್ಕ್, ತುಮಕೂರಿನಲ್ಲಿ ಎಲ್ಲಿ ಸಿಗುತ್ತೆ? ಬಡಗಿ ಹೇಳಿದ ರೇಟು ನಮ್ಮ ಇಡೀ ಬಜೆಟ್.

ಧಾರವಾಡದಾಕಿ:
ಸ್ಟೀಲ್ ಬೀರು ಇಡ್ರಿ. ಎಲ್ಲಾ ಆಫೀಸಿನಾಗೂ ಇರತಾವು.

ಸೈಡ್‌ವಿಂಗ್ ಪ್ರಾಂಪ್ಟರ್:
ಬೀರು ಒಳ್ಳೆ ಯೋಚನೆ. ಸಿನಿಮಾದಲ್ಲಿ ಮೇಜು ಬಡಿದು ಸನ್ನೆ ಮಾಡುತ್ತಾರಲ್ಲ, ಬೀರು ಬಡಿದರೆ ಹಿಂದಿನ ಸಾಲಿಗೂ ಕೇಳುತ್ತೆ. ಒಳಗಿನ ತಟ್ಟೆಗಳನ್ನು ತೆಗೆಸಿ, ಹಿಂದೆ ಗಾಳಿಗೆ ತೂತು ಮಾಡಿಸಿ. ಕಾಲು ಗಂಟೆಗಿಂತ ಜಾಸ್ತಿ ಇರಬೇಕಾಗುತ್ತೆ ಒಳಗೆ. ಸಣ್ಣ ಆಳನ್ನು ಅರ್ಲ್ ಮಾಡಿ.

ತುಮಕೂರು ರಂಗಪ್ರಿಯ:
ನಮ್ಮ ಭಾವಮೈದ ಸಣ್ಣಗಿದ್ದಾನೆ. ಅವರ ಮನೆಯಲ್ಲಿ ಹಳೇ ಬೀರು ಕೂಡ ಇದೆ. ಕೇಳಿದೆ, ಒಪ್ಪಿಕೊಂಡ. ಬೀಗದ ಕೈ ಮಾತ್ರ ಕಳೆದು ಎರಡು ವರ್ಷ ಆಯಿತಂತೆ, ಬಾಗಿಲು ಹಾಕಿದರೆ ತಾನಾಗಿ ಲಾಕ್ ಆಗುತ್ತಂತೆ.

ಕಾಫಿ ಬೈಟೂ:
ಈ ಸಲ ಇಂಟರ್ವಲ್‌ಗೆ ಎದ್ದು ಹೋಗಲ್ಲ ಬಿಡಿ.